ಹಳೆಯ ಚಿತ್ರಗಳ ಚಿನ್ನದ ಚೌಕಟ್ಟು

ಯುರೋಪಿನ ಹಳೆಯ ಚೌಕಟ್ಟುಗಳನ್ನು ಪರೀಕ್ಷಿಸತಕ್ಕವರು ಮೊದಲು ಅವುಗಳ ಬೆನ್ನನ್ನು ನೋಡಬೇಕು. ಅಲ್ಲಿ ದುಂಡುಗರಗಸದ ಬಾಗಿದ ಗೆರೆಗಳಿದ್ದರೆ ಅದು ಯಂತ್ರಯುಗದ್ದೆಂದು ತಿಳಿಯತಕ್ಕದ್ದು. ಮರದ ಮೇಲೆ ಸೀಮೆಸುಣ್ಣ ಸರೇಸುಗಳ ಲೇಪ, ಅದರ ಮೇಲೆ ಕೆಂಪು ಜೇಡಿ, ಕಡೆಗೆ ಚಿನ್ನದ ರೇಕು: ಇದು ಹಿಂದಿನವರ ಕ್ರಮ. ರೇಕುಗಳು ಒಂದರಮೇಲೊಂದು ಕೂಡಿದ ಸಣ್ಣ ಗೆರೆಗಳು ಅಲ್ಲಲ್ಲಿ ಕಾಣುವುವು. ಹಿತ್ತಾಳೆಪುಡಿಯ ಬಣ್ಣದಲ್ಲಿ ಅವು ಇಲ್ಲ. ಅದು ಕಾಲಕ್ರಮದಲ್ಲಿ ಕಂದಾಗುವುದು. ನಿಜವಾದ ಚಿನ್ನದ ಮೇಲೆಯೇ ಈ ಪುಡಿಯನ್ನು ಬಳಿದಿರುವುದೂ ಉಂಟು (ಎಂತಹ ಅವಿವೇಕ!). 18ನೆಯ ಶತಮಾನದ ಕೊನೆಯಿಂದ ಕೆತ್ತನೆಗೆ ಬದಲಾಗಿ ಅಚ್ಚಿನಲ್ಲೊತ್ತಿದ ಹೂಬಳ್ಳಿಗಳು ಹೆಚ್ಚಿದುವು. ಇವು ಒಣಗಿ ಅಡ್ಡಡ್ಡಲಾಗಿ ಬಿರಿಯುವುವು. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಇಂತಹ ಚೌಕಟ್ಟು ನಿಮ್ಮ ಮನೆಯಲ್ಲಿದ್ದರೆ ಒದ್ದೆಬಟ್ಟೆಯಿಂದ ಒರಸಬೇಡಿರಿ. ಸರೇಸು ಕರಗಿ ಚಿನ್ನವೇ ಬಟ್ಟೆಗೆ ಬಂದೀತು. ಧೂಳಿಗೆ ಮೃದುವಾದ ಒಣ ಕುಂಚವೇ ಸಾಕು.