ತಾಯಿಯ ಕಡೆಯ ಬಳುವಳಿ

ಮೊಳಕಾಲ್ಮೂರಿನ ರೇಷ್ಮೆ ಸೀರೆಯಾಗಲಿ ಚಳ್ಳಕೆರೆಯ ಕಂಬಳಿಯಾಗಲಿ, ನೆಯ್ಯುವವನ ಕೈ ಸ್ಥಿರವಾಗಿರಬೇಕು. ಮಗ್ಗದ ಮುಂದೆ ಕುಳಿತ ನಡುವಯಸ್ಸಿನ ಗಂಡಸಿನ ಕೈ ನಡುಗತೊಡಗಿದರೆ ಜನ ಅದನ್ನು ದುಡಿಮೆಯ ದಣಿವೆನ್ನುತ್ತಾರೆ. ಬಹುಪಾಲು ಅದು ನಿಜ. ತೀರ ಅಪರೂಪವಾಗಿ ಅದು ವಂಶಪಾರಂಪರ್ಯವಾದ ಕೆನಡಿ ರೋಗದ ಮೊದಲ ಸೂಚನೆಯೂ ಆಗಿರಬಹುದು.

ಅಮೆರಿಕದ ವೈದ್ಯ ವಿಲಿಯಂ ಕೆನಡಿ 1968ರಲ್ಲಿ ವರ್ಣಿಸಿದ ಈ ರೋಗದಲ್ಲಿ ತೊಡೆಗಳು ಸೋಲುತ್ತವೆ, ನಾಲಗೆ ಅದುರುತ್ತದೆ, ಕ್ರಮೇಣ ನುಂಗುವುದೂ ಕಷ್ಟವಾಗುತ್ತದೆ. ಇದರ ಮೂಲ ತಿಳಿದದ್ದು 1991ರಲ್ಲಿ. ಪುರುಷ ಹಾರ್ಮೋನನ್ನು ಗ್ರಹಿಸುವ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ತುಣುಕು ಮಿತಿಮೀರಿ ಪುನರಾವರ್ತನೆಗೊಂಡಿರುತ್ತದೆ. ಆ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ತಂದೆಯ ರೋಗ ಮಗನಿಗೆ ಬಾರದು. ರೋಗಿಯ ಹೆಣ್ಣುಮಕ್ಕಳೆಲ್ಲರೂ ದೋಷವನ್ನು ಹೊತ್ತಿರುತ್ತಾರೆ. ಅವರ ಗಂಡುಮಕ್ಕಳಿಗೆ ಅದು ಬರುವ ಸಂಭವ ಅರ್ಧಕ್ಕರ್ಧ.

ಸೋದರಮಾವನನ್ನೇ ವರಿಸುವ ಪದ್ಧತಿಯುಳ್ಳ ನಮ್ಮ ಸೀಮೆಯಲ್ಲಿ, ಒಬ್ಬ ಹೆಣ್ಣುಮಗಳಿಗೆ ತಂದೆತಾಯಿ ಇಬ್ಬರಿಂದಲೂ ಈ ದೋಷ ಬರುವುದು ಅಸಾಧ್ಯವಲ್ಲ. ಹಾಗೆ ಪಡೆದ ಸ್ತ್ರೀಯರನ್ನು ವೈದ್ಯಲೋಕ ಕಂಡಿದೆ. ಅವರಲ್ಲಿಯೂ ಲಕ್ಷಣಗಳು ಸೌಮ್ಯ. ದೋಷವೊಂದೇ ಸಾಲದು, ಅದನ್ನು ಕೆರಳಿಸಲು ಟೆಸ್ಟೊಸ್ಟೆರೋನ್ ಬೇಕು ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಹಾಗಾದರೆ ಹಾರ್ಮೋನನ್ನೇ ತಗ್ಗಿಸಬಾರದೇಕೆ? ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೊದಲು ಇಲಿಗಳಲ್ಲಿ, ಅನಂತರ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಮೊದಲೇ ಬಳಕೆಯಲ್ಲಿದ್ದ ಲ್ಯೂಪ್ರೊರೆಲಿನ್ ಚುಚ್ಚುಮದ್ದು ಪಿಟ್ಯುಟರಿ ಗ್ರಂಥಿಯನ್ನು ಎಡೆಬಿಡದೆ ಪ್ರಚೋದಿಸಿ ಕಡೆಗೆ ದಣಿಸುತ್ತದೆ. ವೃಷಣಗಳಿಗೆ ಹೋಗುವ ಆಜ್ಞೆ ನಿಲ್ಲುತ್ತದೆ. 2010ರಲ್ಲಿ ಪ್ರಕಟವಾದ 48 ವಾರಗಳ ಪ್ರಯೋಗದಲ್ಲಿ ನುಂಗುವ ಶಕ್ತಿಯಲ್ಲಿ ಒಟ್ಟಾರೆ ಸ್ಪಷ್ಟ ಅಂತರ ಕಾಣಲಿಲ್ಲ. ರೋಗ ತೊಡಗಿ 10 ವರ್ಷ ತುಂಬದವರಲ್ಲಿ ಮಾತ್ರ ಪ್ರಯೋಜನದ ಸುಳಿವಿತ್ತು. ಮುಂದೆ ಕೆಲವರನ್ನು 7 ವರ್ಷಗಳವರೆಗೂ ಗಮನಿಸಿದಾಗ, ಚಿಕಿತ್ಸೆ ಪಡೆದವರಲ್ಲಿ ರೋಗದ ಓಟ ನಿಧಾನವಾಗಿತ್ತು. ಜಪಾನ್ 2017ರಲ್ಲಿ ಇದಕ್ಕೆ ಅನುಮತಿಯಿತ್ತಿತು.

ಇದು ರೋಗವನ್ನು ಗುಣಪಡಿಸುವುದಿಲ್ಲ, ತಡೆದು ನಿಲ್ಲಿಸಲು ಯತ್ನಿಸುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ಕಾಮಾಸಕ್ತಿ ಕುಗ್ಗುತ್ತದೆ, ಸಂತಾನಶಕ್ತಿ ತಗ್ಗುತ್ತದೆ, ಮೂಳೆಗಳು ಸವೆಯಬಹುದು. ಬೇಗ ಆರಂಭಿಸಿದರೆ ಲಾಭ ಹೆಚ್ಚೇನೋ. ಆದರೆ ಎಷ್ಟೋ ಮನೆಗಳಲ್ಲಿ ಅದೇ ಮಕ್ಕಳಾಗುವ ಕಾಲ. ಇಂಥ ನಿರ್ಧಾರವನ್ನು ವೈದ್ಯರೊಬ್ಬರೇ ಮಾಡಲಾರರು. ಗಂಡಹೆಂಡಿರು ಕೂಡಿ ಯೋಚಿಸಬೇಕು.

ಅದಕ್ಕೂ ಮೊದಲು ರೋಗದ ಗುರುತು ಸಿಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ನರರೋಗತಜ್ಞರ ಮುಂದೆ ಕುಳಿತಾಗ ತಂದೆಯ ಮನೆತನದ ವಿವರವಷ್ಟೇ ಸಾಲದು. ತಾಯಿಯ ತವರಿನ ಗಂಡಸರು ಹೇಗೆ ನಡೆಯುತ್ತಿದ್ದರೆಂಬುದನ್ನೂ ಹೇಳಬೇಕು.