ಮುಖಕ್ಕೆ ಬಣ್ಣ, ಜೇಬಿಗೆ ಸುಣ್ಣ!

1975ನೇ ಇಸವಿ. ಚಿತ್ರರಸಿಕರು ಮರೆಯಬಾರದ ಇಸವಿ! ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿ ರಾವ್ ಗಾಯಕ್‌ವಾಡ್ ಎಂಬ ಕಪ್ಪು ಹುಡುಗ, ಕೆ. ಬಾಲಚಂದರ್ ಅವರ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ಗೇಟು ತಳ್ಳಿಕೊಂಡು ತೆರೆಯ ಮೇಲೆ ಬಂದ. ಹೆಸರು ರಜನೀಕಾಂತ್! ಮರುವರ್ಷವೇ ನಮ್ಮ ಪುಟ್ಟಣ್ಣ ಕಣಗಾಲರು ‘ಕಥಾ ಸಂಗಮ’ದಲ್ಲಿ ಅವರಿಗೆ ಕನ್ನಡದ ಬಾಗಿಲು ತೆರೆದರು.

ಅದೇ 1975ರಲ್ಲಿ ಇನ್ನೊಂದು ‘ಬಿಡುಗಡೆ’ಯೂ ಆಯಿತು. ಹಿಂದೂಸ್ತಾನ್ ಲಿವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು ಕಡೆ ಕಪ್ಪು ಮುಖ ಗೆಲ್ಲುತ್ತದೆ ಎಂದು ತೋರಿಸಿದ ಹುಡುಗ. ಇನ್ನೊಂದು ಕಡೆ ಬೆಳ್ಳಗಾದರೇ ಬಾಳು ಎಂದು ಸಾರಿದ ಟ್ಯೂಬು. ನಮ್ಮ ಜನ ಏನು ಮಾಡಿದರು? ಎರಡಕ್ಕೂ ಕ್ಯೂ ನಿಂತರು!

2020ರಲ್ಲಿ ಆ ಕ್ರೀಮು ‘ಫೇರ್’ ಎಂಬ ಮಾತನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಹೋಯಿತು. ಆಸೆ ಹೋಗಲಿಲ್ಲ. ಆಸೆ ಮಾರುವವರು ಮಾತ್ರ ಬದಲಾಗಿದ್ದಾರೆ.

ಗುಂಡ್ಲುಪೇಟೆಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಈ ಬದಲಾವಣೆಯ ಬಗ್ಗೆ ವಿಚಾರಿಸಿದೆ. ಅಂಗಡಿಯವರು ನಕ್ಕರು. “ಮೊದ್ಲು ಹುಡುಗ್ರು ಹೀರೋ ಹೆಸ್ರು ಹೇಳಿ ಕೇಳೋರು ಸಾ. ಈಗ ಮೊಬೈಲ್ನ ನನ್ ಮೂತಿಗ ಹಿಡ್ದು ‘ಇದೇ ಬೇಕು’ ಅಂತಾರ. ಅದ ಮಾಡೋನು ಯಾರು, ಯಾವೂರು... ಅವರ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ!”

ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಕಾಲೇಜು ಹುಡುಗನ ಬ್ಯಾಗಿನಲ್ಲಿ ಪುಸ್ತಕ ಎರಡು, ಫೇಸ್‌ವಾಶ್, ಸೀರಮ್, ಗಡ್ಡದ ಎಣ್ಣೆ ಸೇರಿ ಬಾಟಲಿ ಮೂರು! ಎಲ್ಲವೂ ಮೊಬೈಲಿನ ‘ರೀಲ್ಸ್’ ನೋಡಿ ತರಿಸಿದ್ದು. “ನಂಬಿಕೆ ಹೇಗೆ ಬಂತು ತಮ್ಮಾ?” ಅಂದೆ. ಅವನ ಉತ್ತರ: “ಅವ್ನು ಆಕ್ಟರ್ ಅಲ್ಲ ಸಾ. ನಮ್ಮಂಗೇ ಒಬ್ಬ ಹುಡ್ಗ. ಅವ್ನ್ಯಾಕ ಸುಳ್ ಹೇಳ್ತಾನ?”

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ.

ಕಾಣುವ ಕಾಸು, ಕಾಣದ ಕಾಸು

ತಾರೆಯರು ಸೋಪು ಹಿಡಿದು ನಗುವುದು ಹೊಸದೇನಲ್ಲ. 1941ರಲ್ಲೇ ಲೀಲಾ ಚಿಟ್ನಿಸ್ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಬಂದರು. ನೋಡುವವನಿಗೂ ಗೊತ್ತಿತ್ತು, ಇದು ಜಾಹೀರಾತು, ಇದಕ್ಕೆ ದುಡ್ಡು ಸಂದಿದೆ ಅಂತ. ಇತ್ತೀಚಿನದೇ ನೋಡಿ. 2025ರ ಮೇ ತಿಂಗಳಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದರು. ಕನ್ನಡದ ನಟಿಯರು ಇರಲಿಲ್ಲವೇ ಎಂದು ನಾಡೇ ಜಗಳವಾಡಿತು. ಜಗಳ ಹೇಗಾದರೂ ಇರಲಿ, ಲೆಕ್ಕ ಬಯಲಿನಲ್ಲಿತ್ತು!

ಚಾಮರಾಜನಗರದ ಮಗ್ಗುಲಿನ ಗಾಜನೂರಿನಲ್ಲಿ ಹುಟ್ಟಿದ ನಮ್ಮ ಅಣ್ಣಾವ್ರು ನಂದಿನಿ ಹಾಲಿಗೆ ಪ್ರಚಾರ ಮಾಡಿದ್ದು ಸಂಭಾವನೆ ಇಲ್ಲದೆ. ಅದೂ ಎಲ್ಲರಿಗೂ ಗೊತ್ತು.

ಆದರೆ ರೀಲ್ಸ್ ಹುಡುಗನ ಲೆಕ್ಕ? “ಬ್ರೋ, ನಾನೇ ಬಳಸ್ತಿದೀನಿ, ಏಳೇ ದಿನ!” ಅನ್ನುತ್ತಾನೆ. ಕಂಪನಿ ಅವನಿಗೆ ಎಷ್ಟು ಕೊಟ್ಟಿತು, ಪುಕ್ಕಟೆ ಡಬ್ಬ ಎಷ್ಟು ಕಳಿಸಿತು, ಅವನ ಲಿಂಕ್ ಒತ್ತಿ ನೀವು ಕೊಂಡರೆ ಅವನಿಗೆ ಕಮಿಷನ್ ಎಷ್ಟು, ಒಂದನ್ನೂ ಹೇಳುವುದಿಲ್ಲ. ನಟ ಅಲ್ಲ ಎಂಬುದೇ ಅವನ ನಟನೆ! ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇದೇ. ಹೊಗಳುವುದಕ್ಕೆ ಕೂಲಿ ಸಿಗುವಾಗ ಹುಳುಕು ಯಾರು ಹೇಳುತ್ತಾರೆ?

ಕಾನೂನು ಇಲ್ಲದಿಲ್ಲ. ದುಡ್ಡು, ಉಡುಗೊರೆ ಏನೇ ಪಡೆದಿದ್ದರೂ ಅದನ್ನು ಕಾಣುವ ಹಾಗೆ ಹೇಳಬೇಕು ಎಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಮುಖ ತೋರಿಸಿದವರಿಗೂ ಇದು ಅನ್ವಯ. ಆದರೆ ಕೋಟಿ ಮೊಬೈಲಿನಲ್ಲಿ ಓಡುವ ಅರ್ಧ ನಿಮಿಷದ ರೀಲ್ಸನ್ನು ಕಾಯುವವರು ಯಾರು ಸ್ವಾಮಿ?

ಬೆಳಕಿನ ಆಟ

ಸಿನಿಮಾ ಹುಚ್ಚಿನ ನಮಗೆ ಒಂದು ಗುಟ್ಟು ಚೆನ್ನಾಗಿ ಗೊತ್ತಿರಬೇಕು. ಮೇಕಪ್ ಬೆಳೆದದ್ದು ಕ್ಯಾಮರಾಕ್ಕಾಗಿ, ಲೈಟಿಗಾಗಿ. ಹಾಲಿವುಡ್ಡಿನ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದಲ್ಲಿ ‘ಪ್ಯಾನ್‌ಕೇಕ್’ ತಯಾರಿಸಿದ್ದು ಕಲರ್ ಫಿಲ್ಮಿನಲ್ಲಿ ಮುಖ ಸರಿಯಾಗಿ ಮೂಡಲಿ ಅಂತ. ಆಮೇಲೆ ಅದನ್ನೇ ಬೀದಿಯ ಜನಕ್ಕೂ ಮಾರಿದರು.

ರೀಲ್ಸಿನಲ್ಲೂ ಇದೇ ಆಟ. ‘ಮೊದಲು’ ಎಂಬ ಚಿತ್ರ ಮಂಕು ಬೆಳಕಿನಲ್ಲಿ. ‘ನಂತರ’ ಎಂಬುದು ಮುಖದ ಮುಂದೆ ಉಂಗುರದಂಥ ಲೈಟ್ ಇಟ್ಟು, ಮೇಲೆ ಫಿಲ್ಟರ್ ಹಾಕಿ! ಬೆಳ್ಳಗೆ ಮಾಡಿದ್ದು ಲೈಟು. ಕಾಸು ಎಣಿಸಿದ್ದು ಕ್ರೀಮು.

ನಮ್ಮ ಹಳೇ ಬಯಲಾಟದವರು ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ ಬಳಿಯುತ್ತಿದ್ದರು. ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಪಾಷಾಣ. ಆದರೆ ಬೆಳಗಾಗಿ ಆಟ ಮುಗಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಬಿಡುತ್ತಿದ್ದರು. ಈಗಿನವರು ಬಳಿದುಕೊಂಡೇ ಮಲಗುತ್ತಾರೆ!

ಘಟ್ಟದ ಕೆಳಗಿನ ಕಥೆ

ಪಾದರಸ ಅಂದೆನಲ್ಲ, ಅದು ಹಳೇ ಕಾಲದ ಮಾತಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ, ಗೂಡಲೂರಿನ ಮೇಲೆ ಘಟ್ಟ ಇಳಿದರೆ ಕೇರಳದ ಮಲಪ್ಪುರಂ ಜಿಲ್ಲೆ. ಅಲ್ಲಿನ ಕೋಟ್ಟಕ್ಕಲ್‌ನ ಒಂದು ಆಸ್ಪತ್ರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಒಂದು ಕಿಡ್ನಿ ಕಾಯಿಲೆಯವರು ಬರತೊಡಗಿದರು. 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ 22 ಮಂದಿ. ಅವರಲ್ಲಿ 15 ಮಂದಿಯದು ಒಂದು ಅಪರೂಪದ ಬಗೆ. ವೈದ್ಯರು ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಒಪ್ಪಿಕೊಂಡರು: ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದೆವು!

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ಪಾದರಸ ತಡೆಯುತ್ತದೆ. ಅದಕ್ಕೇ ಕೆಲವೇ ದಿನದಲ್ಲಿ ಮುಖ ‘ಫಳಫಳ’. ಆದರೆ ಅದು ಚರ್ಮದೊಳಗೆ ಇಳಿದು, ರಕ್ತ ಸೇರಿ, ಕಿಡ್ನಿಯಲ್ಲಿ ಮನೆ ಮಾಡುತ್ತದೆ. ಮೂತ್ರ ನೊರೆ ನೊರೆ, ಕಾಲು ಊತ. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು ಎಂಬುದೇ ಸಮಾಧಾನ. ನಮ್ಮ ದೇಶದಲ್ಲಿ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ಅರಿವಿಲ್ಲದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರಬಾರದು. ಹೆಸರಿಲ್ಲದ ಡಬ್ಬಕ್ಕೆ ಈ ಕಾನೂನು ಓದಿ ಹೇಳುವವರಾರು?

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಸ್ಟೆರಾಯ್ಡ್ ಟ್ಯೂಬುಗಳದ್ದೂ ಅದೇ ಹಾಡು. ಡಾಕ್ಟರ ಚೀಟಿ ಇಲ್ಲದೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಗಾಗಿ, ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ.

79 ರೂಪಾಯಿಯ ಪಾಠ

ಹಾಗಂತ ದೊಡ್ಡ ಹೆಸರೆಲ್ಲ ಚಿನ್ನವೇ? ಇಮಾಮಿ ಕಂಪನಿಯ ‘ಫೇರ್ ಅಂಡ್ ಹ್ಯಾಂಡ್ಸಮ್’ 2005ರಲ್ಲಿ ಗಂಡಸರಿಗೆಂದೇ ಬಂತು. ಶಾರುಖ್ ಖಾನ್ ಅದರ ಜಾಹೀರಾತಿನಲ್ಲಿ ನಟಿಸಿದರು. ದೆಹಲಿಯ ಒಬ್ಬಾತ 79 ರೂಪಾಯಿ ಕೊಟ್ಟು ಕೊಂಡು, ಬೆಳ್ಳಗಾಗಲಿಲ್ಲ ಎಂದು 2013ರಲ್ಲಿ ಗ್ರಾಹಕರ ವೇದಿಕೆಗೆ ಹೋದ. 2024ರ ಡಿಸೆಂಬರ್‌ನಲ್ಲಿ ಕಂಪನಿಗೆ 14.5 ಲಕ್ಷ ರೂಪಾಯಿ ದಂಡ ವಿಧಿಸಿ ತೀರ್ಪು ಬಂತು. ಒಂದು ಟ್ಯೂಬಿಗೆ ಹನ್ನೊಂದು ವರ್ಷ ಅಲೆದ ಆ ಪುಣ್ಯಾತ್ಮನಿಗೆ ಶಿಳ್ಳೆ ಹೊಡೆಯಲೇಬೇಕು!

ಹಾಗಾದರೆ ನೀವು ಏನು ಮಾಡಬೇಕು? ಸ್ನೋ, ಪೌಡರ್ ಬಿಡಿ ಎಂದು ನಾನು ಉಪದೇಶ ಮಾಡುವುದಿಲ್ಲ. ಡಬ್ಬ ತಿರುಗಿಸಿ ನೋಡಿ. ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಾರೀಖು, ಒಳಗೇನಿದೆ ಎಂಬ ಪಟ್ಟಿ, ಇಷ್ಟೂ ಇರಬೇಕು. ಮೋಸ ಹೋದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಗೆಳೆಯರೇ, ಹಚ್ಚುವ ಮುನ್ನ ಓದಿ. ಓದಲು ಡಬ್ಬದ ಮೇಲೆ ಏನೂ ಇಲ್ಲದಿದ್ದರೆ... ಹಚ್ಚಲೇಬೇಡಿ!