ಬರಿಮೈಯ ವೀರರೂ ಕಾಣದ ಕವಚವೂ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಯ ಮೇಲೆ ಆಯುಧವನ್ನೆತ್ತಿ ನಿಂತ ಯೋಧರನ್ನು ಕಂಡವರು, ಅವರಲ್ಲಿ ಬಹುಮಂದಿಯ ಮೈಮೇಲೆ ಹಾರಕೇಯೂರಗಳ ಹೊರತು ಬೇರೊಂದು ರಕ್ಷೆ ತೋರದಿರುವುದರಿಂದ, ನಮ್ಮ ಪೂರ್ವಿಕರು ಕವಚವನ್ನೇ ಅರಿಯದೆ ಬರಿಮೈಯಲ್ಲಿ ರಣರಂಗಕ್ಕೆ ನಡೆದರೆಂದು ನಿರ್ಧರಿಸಿಬಿಡುವುದುಂಟು. ಆದರೆ 12ನೆಯ ಶತಮಾನದ ಆ ಶಿಲ್ಪಿಗಳಿಗೆ ದೊರೆತಿದ್ದುದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಸರದ ಒಂದೊಂದು ಮಣಿಯನ್ನೂ ಬಿಡಿಸಲು ಎಡೆಗೊಡುವ ಶಿಲೆ. ಮಣಿಯನ್ನು ಬಿಡಿಸಬಲ್ಲ ಕೈಗೆ ಕವಚದ ಹೊಲಿಗೆ ಅಸಾಧ್ಯವಾಗಿರಲಿಲ್ಲವಾದುದರಿಂದ, ಅದನ್ನು ಕೆತ್ತದೆ ಬಿಟ್ಟುದು ಅಜ್ಞಾನವಲ್ಲ, ಸಂಕಲ್ಪವೆಂದೇ ನಾನು ಭಾವಿಸುತ್ತೇನೆ. ದೇವಾಲಯದ ವೀರನು ಮೊದಲು ಪುರಾಣಪುರುಷ, ಆಮೇಲೆ ಸೈನಿಕ. ಪುಷ್ಟವಾದ ದೇಹವೂ ಆಭರಣವೂ ಅವನ ಲಕ್ಷಣಗಳಾಗಿರಲು, ಆ ದೇಹವನ್ನೇ ಮರೆಮಾಡುವ ಕವಚಕ್ಕೆ ಅಲ್ಲಿ ಎಡೆಯೆಲ್ಲಿ?

ಹಂಪೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 15ನೆಯ ಶತಮಾನದ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದು ಸಾಗುತ್ತವೆ. ಉಡುಪುಗಳು ಬಹು ಸರಳ. ಆದರೆ ಅದೇ ನಗರದಲ್ಲಿ, 1520ರ ಸುಮಾರಿಗೆ, ಕೃಷ್ಣದೇವರಾಯನ ಸೇನಾಪ್ರದರ್ಶನವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ರಾವುತರ ಮೆತ್ತೆಯಂಗಿಗಳಲ್ಲಿ ಗಟ್ಟಿಯಾದ ತೊಗಲಿನ ಪದರಗಳೂ ಕಬ್ಬಿಣದ ಫಲಕಗಳೂ ಇದ್ದುದನ್ನು, ಶಿರಸ್ತ್ರಾಣಗಳಿಗೆ ಕತ್ತನ್ನು ಕಾಯುವ ಅಂಚೂ ಮುಖವನ್ನು ಕಾಯುವ ಭಾಗವೂ ಇದ್ದುದನ್ನು ಬರೆದಿಟ್ಟಿದ್ದಾನೆ. ಗುಡಿಗೂ ಪಾಯೆಸನಿಗೂ ನಡುವೆ ಕಾಲದ ಅಂತರವುಂಟು, ನಿಜ. ಆ ಅಂತರವನ್ನು ತುಂಬುವವನು ಕುಮಾರವ್ಯಾಸ. ಅವನ ಯುದ್ಧವರ್ಣನೆಗಳಲ್ಲಿ ಜೋಡು, ಸೀಸಕ, ಬಾಹುರಕ್ಷೆಗಳು ಓದುಗನಿಗೆ ಪರಿಚಿತವೆಂಬಂತೆಯೇ ಬರುತ್ತವೆ.

ಭಾರತಯುದ್ಧದ ಪಟ್ಟಿಕೆಗಳಲ್ಲಿರುವ ಆಯುಧಗಳು ಪಾಂಡವರ ಕಾಲದವೆಂಬ ನಂಬಿಕೆಗೆ ದೀರ್ಘವಾದ ಉತ್ತರ ಬೇಡ. ಶಿಲ್ಪಿಯು ಅರ್ಜುನನ ಕೈಗಿತ್ತುದು ತಾನು ಕಂಡ ಬಿಲ್ಲನ್ನು.

ಹಾಗಾದರೆ ಶಿಲ್ಪಗಳು ಸಾಕ್ಷ್ಯವೇ ಅಲ್ಲವೆನ್ನುವುದು ಇನ್ನೊಂದು ತುದಿಯ ತಪ್ಪು. ಉಡುಪಿನಲ್ಲಿ ಸಂಪ್ರದಾಯಕ್ಕೆ ಬಾಗಿದ ಶಿಲ್ಪಿ, ಆಯುಧದಲ್ಲಿಯೂ ಕುದುರೆಯ ಸಜ್ಜಿನಲ್ಲಿಯೂ ಕಂಡುದನ್ನೇ ಕೆತ್ತಿದ. ಹೊಯ್ಸಳ ಶಿಲ್ಪಗಳಲ್ಲಿನ ಯುದ್ಧಸಾಮಗ್ರಿಯನ್ನೇ ವಿಷಯವಾಗಿಸಿಕೊಂಡು ಫ್ರೆಂಚ್ ವಿದ್ವಾಂಸ ಜೀನ್ ಡೆಲೋಶ್ 1989ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಗುಡಿಯ ಭಿತ್ತಿಗಿಂತಲೂ ನಾನು ಹೆಚ್ಚು ಬೆಲೆಗೊಡುವುದು ವೀರಗಲ್ಲಿಗೆ, ಏಕೆಂದರೆ ಸತ್ತವನ ಹೆಸರನ್ನೂ ಕಾದಾಟದ ಕಾರಣವನ್ನೂ ಎಷ್ಟೋ ವೇಳೆ ಅದರ ಶಾಸನವೇ ತಿಳಿಸುತ್ತದೆ. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು, ಗಂಗರ ಎರೆಯಪ್ಪನ ಪಕ್ಷದಲ್ಲಿ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದ ನಾಗತ್ತರನ ಯುದ್ಧವನ್ನು ಕುದುರೆಗಳೊಡನೆ, ಕಾಲಾಳುಗಳೊಡನೆ ನಮ್ಮ ಕಣ್ಣಮುಂದಿಡುತ್ತದೆ. ಆದರೆ ಸಾಮಾನ್ಯವಾದ ಮೂರು ಪಟ್ಟಿಕೆಗಳ ವೀರಗಲ್ಲಿನಲ್ಲಿ ಕೆಳಗಿನದು ಮಾತ್ರ ರಣಭೂಮಿ. ಅಪ್ಸರೆಯರು ವೀರನನ್ನು ಕರೆದೊಯ್ಯುವ ನಡುವಣದರಿಂದಲೂ, ಶಿವಲಿಂಗದ ಸನ್ನಿಧಿಯ ಮೇಲಣದರಿಂದಲೂ ಸೈನಿಕನ ವೇಷವನ್ನು ಊಹಿಸಲಾಗದು.

ಖಡ್ಗದ ಒರೆ, ನಡುವಿನ ಪಟ್ಟಿ, ಗುರಾಣಿಯ ಹಿಡಿಕೆ ಇಂತಹ ಸೂಕ್ಷ್ಮಗಳ ಮೇಲೆಯೇ ಈ ಇತಿಹಾಸವೆಲ್ಲ ನಿಂತಿರುವುದರಿಂದ, ಊರ ಹೊರಗಣ ವೀರಗಲ್ಲಿಗೆ ಭಕ್ತಿಯಿಂದಲಾದರೂ ಸುಣ್ಣಬಣ್ಣಗಳನ್ನು ಬಳಿಯದಿರಬೇಕೆಂದು ವಾಚಕರಲ್ಲಿ ನನ್ನ ಬಿನ್ನಹ.